ಪೆನ್ಸಿಲಿನ್ ನಿಜಕ್ಕೂ ಆಗಿಬರುವುದಿಲ್ಲವೇ?

"ಆ ಇಂಜೆಕ್ಷನ್ ನನಗೆ ಆಗಿಬರುವುದಿಲ್ಲ ಡಾಕ್ಟ್ರೇ." ಉಪ್ಪುಂದದಲ್ಲಿರಲಿ, ಬೈಂದೂರಿನಲ್ಲಿರಲಿ, ವೈದ್ಯರಿಗೆ ಈ ಮಾತು ಹೊಸದಲ್ಲ. ಯಾವ ಇಂಜೆಕ್ಷನ್ ಎಂದರೆ ಹೆಚ್ಚಾಗಿ ಬರುವ ಉತ್ತರ ಪೆನ್ಸಿಲಿನ್. ಏನಾಗಿತ್ತು ಎಂದು ಕೇಳಿದರೆ, "ಸಣ್ಣವನಿದ್ದಾಗ ಏನೋ ಆಗಿತ್ತಂತೆ, ಅಮ್ಮ ಹೇಳುತ್ತಿದ್ದರು." ಅಷ್ಟಕ್ಕೇ ಚೀಟಿಯ ಮೇಲೆ 'ಪೆನ್ಸಿಲಿನ್ ಅಲರ್ಜಿ' ಎಂಬ ಬರಹ ಬೀಳುತ್ತದೆ. ಮುಂದೆ ಕುಂದಾಪುರಕ್ಕೆ ಹೋಗಲಿ, ಮಣಿಪಾಲಕ್ಕೆ ಹೋಗಲಿ, ಅದು ರೋಗಿಯ ಬೆನ್ನು ಬಿಡುವುದಿಲ್ಲ.

1928ರಲ್ಲಿ ಲಂಡನ್ನಿನಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ಈ ಮದ್ದನ್ನು ಸ್ವದೇಶದಲ್ಲೇ ತಯಾರಿಸಲೆಂದು ಪುಣೆ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಸರಕಾರಿ ಕಂಪೆನಿಯೊಂದು ಸ್ಥಾಪನೆಯಾಯಿತು. ಅಸಂಖ್ಯ ಜೀವಗಳನ್ನು ಉಳಿಸಿದ ಪೆನ್ಸಿಲಿನ್ ಅಪರೂಪಕ್ಕೆ ಜೀವ ತೆಗೆದದ್ದೂ ಉಂಟು. ಆದ್ದರಿಂದ ಭಯ ಆಧಾರವಿಲ್ಲದ್ದಲ್ಲ.

ಆದರೆ ಎಲ್ಲ ತೊಂದರೆಯೂ ಅಲರ್ಜಿಯಲ್ಲ. ಮದ್ದು ತೆಗೆದುಕೊಂಡ ಸ್ವಲ್ಪ ಹೊತ್ತಿನಲ್ಲೇ ಮೈತುಂಬ ತುರಿಸುವ ಗಂಧೆ, ತುಟಿ-ಗಂಟಲಿನ ಬಾವು, ಉಸಿರಾಟದ ಕಷ್ಟ, ರಕ್ತದೊತ್ತಡದ ಕುಸಿತ: ಇವು ನಿಜವಾದ ಅಲರ್ಜಿಯ ಲಕ್ಷಣಗಳು. ವಾಂತಿ, ಭೇದಿ ಕೇವಲ ಅಡ್ಡಪರಿಣಾಮ. ಸೂಜಿಯ ಹೆದರಿಕೆಗೆ ತಲೆ ತಿರುಗಿ ಬಿದ್ದದ್ದಕ್ಕೂ, ವೈರಸ್ ಜ್ವರಕ್ಕೆ ಮಗುವಿನ ಮೈಮೇಲೆ ಎದ್ದ ಗುಳ್ಳೆಗೂ ಅಪವಾದ ಹೊತ್ತದ್ದು ಪೆನ್ಸಿಲಿನ್! ಅಮೆರಿಕದಲ್ಲಿ ಶೇ. 10ರಷ್ಟು ಜನರಿಗೆ ಈ ಹಣೆಪಟ್ಟಿಯಿದೆ. ಪರೀಕ್ಷೆಗೆ ಒಳಪಡಿಸಿದಾಗ ಅವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಗೆ ಮದ್ದು ಏನೂ ಮಾಡುವುದಿಲ್ಲ. ನಿಜವಾದ ಅಲರ್ಜಿಯೂ 10 ವರ್ಷಗಳಲ್ಲಿ ಸುಮಾರು ಶೇ. 80 ಜನರಲ್ಲಿ ಮಾಯವಾಗುತ್ತದೆ.

ಬೇರೆ ಮದ್ದು ಕೊಟ್ಟರಾಯಿತಲ್ಲ ಎನ್ನಬಹುದು. ಆದರೆ ಬದಲಿ ಮದ್ದುಗಳು ಅನೇಕ ಬಾರಿ ದುಬಾರಿ. ಕೆಲವು ಅಷ್ಟು ಪರಿಣಾಮಕಾರಿಯಲ್ಲ. ಅನೇಕ ಬಗೆಯ ರೋಗಾಣುಗಳ ಮೇಲೆ ಒಮ್ಮೆಲೇ ಎರಗುವ ಮದ್ದುಗಳನ್ನು ವಿನಾಕಾರಣ ಬಳಸಿದಷ್ಟೂ ಮದ್ದಿಗೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಡುವ ಭೀತಿಯಿರುವ ಮಕ್ಕಳಿಗಂತೂ ಮೂರು-ನಾಲ್ಕು ವಾರಕ್ಕೊಮ್ಮೆ ಕೊಡುವ ಪೆನ್ಸಿಲಿನ್ ಇಂಜೆಕ್ಷನ್ನೇ ಉತ್ತಮ ರಕ್ಷೆ. ಒಂದು ತಪ್ಪು ಬರಹ ಆ ರಕ್ಷೆಯನ್ನು ಕಸಿದುಕೊಳ್ಳುತ್ತದೆ.

ಹಾಗೆಂದು ಮನೆಯಲ್ಲೇ ಮಾತ್ರೆ ನುಂಗಿ ಪರೀಕ್ಷಿಸಿಕೊಳ್ಳುವುದು ಅಪಾಯ. ಆ ಕೆಲಸ ತುರ್ತುಚಿಕಿತ್ಸೆಯ ವ್ಯವಸ್ಥೆಯಿರುವ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರಿಗೇ ಆಗಬೇಕು. ನಾವು ಮಾಡಬಹುದಾದ್ದು ಇಷ್ಟು: ಯಾವ ಮದ್ದು, ಯಾವ ವರ್ಷ, ಎಷ್ಟು ಹೊತ್ತಿಗೆ, ಏನಾಯಿತು, ಆಮೇಲೆ ಅದನ್ನು ಮತ್ತೆ ತೆಗೆದುಕೊಂಡದ್ದುಂಟೇ ಎಂಬುದನ್ನು ನೆನಪಿರುವ ಹಿರಿಯರಿಂದ ಈಗಲೇ ಕೇಳಿ ಬರೆದಿಟ್ಟುಕೊಳ್ಳುವುದು. ಮುಂದೆ ಕೇಳೋಣವೆಂದರೆ ಹೇಳುವವರು ಇರಬೇಕಲ್ಲ?