ಇಪ್ಪತ್ತಾರನೆಯ ಕಥೆ

ಸಂತೇಬೆನ್ನೂರು ಎಂದೊಡನೆ ಯಾರಿಗಾದರೂ ನೆನಪಾಗುವುದು ಅಲ್ಲಿನ ಪುಷ್ಕರಿಣಿ. ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪನಾಯಕನು ಕಟ್ಟಿಸಿದ ಈ ಹೊಂಡದ ನಡುವೆ ವಸಂತಮಂಟಪವಿದೆ. ಸಮೀಪದಲ್ಲಿಯೇ ಬಿಜಾಪುರದವರ ಕಾಲದ ಮುಸಾಫಿರಖಾನೆಯಿದೆ. ಇತಿಹಾಸವನ್ನು ಬಲ್ಲವರು ಇವುಗಳನ್ನು ನೋಡಲು ದೂರದಿಂದ ಬರುತ್ತಾರೆ. ಹುಡುಗರಿಗೆ ಮಾತ್ರ ಹೊಂಡದ ಮೆಟ್ಟಿಲುಗಳೇ ಮುಖ್ಯ. 1970ರ ದಶಕದಲ್ಲಿ, ಈ ಊರು ಇನ್ನೂ ಶಿವಮೊಗ್ಗ ಜಿಲ್ಲೆಗೆ ಸೇರಿದ್ದಾಗ, ನಾನು ಬೇಸಗೆಯ ರಜೆಯನ್ನು ಅಜ್ಜನ ಮನೆಯಲ್ಲಿ ಕಳೆಯುತ್ತಿದ್ದೆನು. ಬೆಳಗಿನ ಬಿಸಿಲು ಏರುವವರೆಗೆ ಆ ಮೆಟ್ಟಿಲುಗಳ ಮೇಲೆ ಕುಳಿತು ಓದುವುದು ನನ್ನ ನಿತ್ಯದ ಕೆಲಸವಾಗಿತ್ತು. ಓದುತ್ತಿದ್ದುದು ಬಹುಮಟ್ಟಿಗೆ ಒಂದೇ ಪತ್ರಿಕೆ; ಅದು 'ಚಂದಮಾಮ'. ಅದರಲ್ಲಿಯೂ ಮೊದಲು ತೆರೆಯುತ್ತಿದ್ದುದು ವಿಕ್ರಮ ಮತ್ತು ಬೇತಾಳರ ಪುಟವನ್ನು.

ಒಂದು ದಿನ ಅಜ್ಜ ನನ್ನ ಕೈಯಲ್ಲಿದ್ದ ಸಂಚಿಕೆಯನ್ನು ನೋಡಿ ಕೇಳಿದರು: "ಬೇತಾಳ ಹೇಳಿದ ಕಥೆಗಳು ಎಷ್ಟು, ಗೊತ್ತೇನೋ?"

"ಅದಕ್ಕೆ ಲೆಕ್ಕವೇ ಇಲ್ಲ ಅಜ್ಜ. ತಿಂಗಳಿಗೊಂದು ಬರುತ್ತದೆ."

"ಇಪ್ಪತ್ತೈದು. ಇಪ್ಪತ್ತೈದನೆಯದಕ್ಕೆ ಎಲ್ಲವೂ ಮುಗಿಯಿತು."

ಅಜ್ಜ ಸಂಸ್ಕೃತವನ್ನು ಬಲ್ಲವರು. ಅವರ ಮಾತನ್ನು ಸುಳ್ಳೆನ್ನುವಂತಿರಲಿಲ್ಲ. ಹಾಗಾದರೆ ನಾನು ಇಷ್ಟು ಕಾಲ ಓದಿದ್ದು ಏನು? ಯಾರೋ ನನ್ನನ್ನು ಮೋಸಗೊಳಿಸಿದರೆಂಬ ಸಿಟ್ಟು ಬಂದಿತು. ಈ ಸಿಟ್ಟು ನ್ಯಾಯವಾದದ್ದೆ ಎಂಬ ಪ್ರಶ್ನೆ ಬಹುಕಾಲ ನನ್ನ ಬೆನ್ನುಬಿಡದ ಬೇತಾಳವಾಯಿತು.

ಅಜ್ಜನ ಲೆಕ್ಕ ಸರಿಯಾಗಿಯೇ ಇತ್ತು. ಬೇತಾಳನ ಕಥೆಗಳಿಗೆ ಸಂಸ್ಕೃತದಲ್ಲಿ 'ವೇತಾಲ ಪಂಚವಿಂಶತಿ' ಎಂದು ಹೆಸರು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಚಿಸಿದ 'ಕಥಾಸರಿತ್ಸಾಗರ'ದಲ್ಲಿ ಅವು ಬರುತ್ತವೆ. ಅಲ್ಲಿ ರಾಜನ ಹೆಸರು ತ್ರಿವಿಕ್ರಮಸೇನ. ಅವನ ನಗರ ಗೋದಾವರಿಯ ತೀರದ ಪ್ರತಿಷ್ಠಾನ. ಕ್ಷಾಂತಿಶೀಲನೆಂಬ ಭಿಕ್ಷುವಿನ ಕೋರಿಕೆಯಂತೆ ರಾಜನು ಸ್ಮಶಾನದ ಮರದಿಂದ ಶವವನ್ನು ಇಳಿಸಿ ಹೆಗಲಿಗೇರಿಸುತ್ತಾನೆ. ಶವದಲ್ಲಿ ಸೇರಿದ ಬೇತಾಳವು ದಾರಿಯ ಆಯಾಸ ತಿಳಿಯದಿರಲೆಂದು ಕಥೆ ಹೇಳಿ, ಕೊನೆಗೊಂದು ಪ್ರಶ್ನೆ ಕೇಳುತ್ತದೆ. ಉತ್ತರ ತಿಳಿದೂ ಸುಮ್ಮನಿದ್ದರೆ ರಾಜನ ತಲೆ ಸಿಡಿದುಹೋಗುವುದು. ಮಾತನಾಡಿದರೆ ಬೇತಾಳವು ಮರಕ್ಕೆ ಹಿಂದಿರುಗುವುದು.

ಆ ಪ್ರಶ್ನೆಗಳ ಬಗೆಯನ್ನು ತಿಳಿಯಲು ಒಂದು ಉದಾಹರಣೆ ಸಾಕು. ಮಂದಾರವತಿಯೆಂಬ ಕನ್ಯೆಯನ್ನು ಮೂವರು ತರುಣರು ಬಯಸಿದ್ದರು. ಆಕೆ ಅಕಾಲದಲ್ಲಿ ಮೃತಳಾದಳು. ಒಬ್ಬನು ಅವಳ ಚಿತಾಭಸ್ಮದ ಮೇಲೆಯೇ ಮಲಗುತ್ತ ಸ್ಮಶಾನದಲ್ಲಿ ಉಳಿದನು. ಇನ್ನೊಬ್ಬನು ಅಸ್ಥಿಯನ್ನು ಗಂಗೆಗೆ ಒಯ್ದನು. ಮೂರನೆಯವನು ದೇಶ ಸುತ್ತಿ, ಸತ್ತವರನ್ನು ಬದುಕಿಸುವ ಮಂತ್ರವನ್ನು ಪಡೆದು ಬಂದು ಅವಳನ್ನು ಎಬ್ಬಿಸಿದನು. ಆಕೆ ಯಾರಿಗೆ ಸೇರಬೇಕು? ನಾವು ಅವಸರದಲ್ಲಿ ಮೂರನೆಯವನ ಹೆಸರು ಹೇಳಿಬಿಡುತ್ತೇವೆ. ರಾಜನಾದರೋ, ಜೀವ ಕೊಟ್ಟವನು ತಂದೆಗೆ ಸಮಾನ, ಅಸ್ಥಿಯನ್ನು ಗಂಗೆಗೆ ಬಿಟ್ಟವನು ಮಗನಿಗೆ ಸಮಾನ, ಬೂದಿಯನ್ನು ಅಪ್ಪಿ ಮಲಗಿದವನೇ ಪತಿ ಎಂದು ತೀರ್ಪು ಕೊಡುತ್ತಾನೆ. ಒಪ್ಪುವುದೂ ಬಿಡುವುದೂ ನಮಗೆ ಸೇರಿದ್ದು. ಆದರೆ ಯೋಚಿಸದೆ ಪುಟ ತಿರುವುವಂತಿಲ್ಲ.

'ಚಂದಮಾಮ'ವನ್ನು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಮದರಾಸಿನಲ್ಲಿ 1947ರ ಜುಲೈಯಲ್ಲಿ ತೆಲುಗು ಮತ್ತು ತಮಿಳು ಭಾಷೆಗಳಲ್ಲಿ ಆರಂಭಿಸಿದರು. ಕನ್ನಡದ ಆವೃತ್ತಿ 1949ರಲ್ಲಿ ಹೊರಬಂದಿತು. ತಿಂಗಳಿಗೆ ಒಂದರಂತೆ ಪ್ರಕಟಿಸಿದರೆ ಇಪ್ಪತ್ತೈದು ಕಥೆಗಳು ಎರಡು ವರ್ಷ ಒಂದು ತಿಂಗಳಿಗೆ ತೀರಿಹೋಗುತ್ತವೆ. ಆದರೆ ಓದುವ ಮಕ್ಕಳ ಆಸೆ ತೀರುವುದುಂಟೆ? ಬೇತಾಳವು ಇನ್ನೂ ಹೇಳಬೇಕಾಗಿತ್ತು. ಹೇಳಿಸುವ ಹೊಣೆ ಕೊಡವಟಿಗಂಟಿ ಕುಟುಂಬರಾಯರ ಮೇಲೆ ಬಿದ್ದಿತು.

ಕುಟುಂಬರಾಯರು 1909ರಲ್ಲಿ ತೆನಾಲಿಯಲ್ಲಿ ಜನಿಸಿದವರು. ತೆಲುಗಿನ ದೊಡ್ಡ ಕತೆಗಾರರು, ಕಾದಂಬರಿಕಾರರು. ದೆವ್ವಭೂತಗಳಿಗಿಂತ ಮಧ್ಯಮವರ್ಗದ ಮನೆಗಳ ಬಾಳನ್ನು ಬರೆಯುವುದರಲ್ಲಿ ಹೆಸರಾದವರು. ವಿಚಾರವಾದಿಗಳಾದ ಅವರೇ 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೆ ಈ ಪತ್ರಿಕೆಯ ಬರವಣಿಗೆಯನ್ನು ನೋಡಿಕೊಂಡರೆಂಬುದು ಸ್ವಾರಸ್ಯದ ಸಂಗತಿ. ಇತರರು ಕಳುಹಿಸಿದ ಕಥೆಗಳನ್ನೂ ಅವರು ತಮ್ಮ ಸರಳ ಶೈಲಿಗೆ ತಿದ್ದಿ ಬರೆಯುತ್ತಿದ್ದರು. ಬಂದ ಕಥೆಯೊಂದರಲ್ಲಿ ಬಿಡಿಸಬೇಕಾದ ತೊಡಕು ಕಂಡರೆ ಅದಕ್ಕೆ ಪ್ರಶ್ನೆಯನ್ನೂ ಉತ್ತರವನ್ನೂ ಕೂಡಿಸಿ ಬೇತಾಳನ ಬಾಯಿಗೆ ಕೊಡುತ್ತಿದ್ದರು. ತೆಲುಗಿನಿಂದ ಅವು ಕನ್ನಡವೇ ಮೊದಲಾದ ಭಾಷೆಗಳಿಗೆ ಅನುವಾದವಾಗುತ್ತಿದ್ದವು.

ಈ ಕೆಲಸ ತೋರುವಷ್ಟು ಸುಲಭವಲ್ಲ. ಇನ್ನೊಬ್ಬನು ಕಟ್ಟಿದ ಮನೆಯಲ್ಲಿ ವಾಸಿಸುವವನು ಗೋಡೆಗಳನ್ನು ಕೆಡವುವಂತಿಲ್ಲ. ರಾತ್ರಿ, ಸ್ಮಶಾನ, ಮರ, ಹೆಗಲ ಮೇಲಿನ ಶವ, ಕಥೆ, ಪ್ರಶ್ನೆ, ಮೌನಭಂಗ: ಇವು ಯಾವುವೂ ಬದಲಾಗಕೂಡದು. ಒಂದು ಅಡಿಯಷ್ಟೂ ಮುಂದೆ ಹೋಗದ ಪ್ರಯಾಣವನ್ನು ಪ್ರತಿ ತಿಂಗಳೂ ಹೊಸದೆನಿಸುವಂತೆ ಹೇಳಬೇಕು. ಮುಂದುವರಿಸಿದವರು ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡರು. ಬೇತಾಳವು ನೇರವಾಗಿ ಕಥೆಗೆ ತೊಡಗದೆ, ನಡುರಾತ್ರಿಯಲ್ಲಿ ಇಷ್ಟು ಶ್ರಮಪಡುವ ರಾಜನನ್ನು ಮೊದಲು ಕೆಣಕುತ್ತದೆ: ಈ ಶ್ರಮ ಯಾರಿಗಾಗಿ, ಕೊನೆಯಲ್ಲಿ ಫಲ ಸಿಕ್ಕುವುದೆಂಬ ಭರವಸೆಯೇನು, ಕೈಗೆ ಬಂದುದನ್ನು ಒಬ್ಬನು ಹೀಗೆಯೇ ಬಿಟ್ಟುಕೊಟ್ಟನಲ್ಲ! ಹೀಗೆ ಆರಂಭದಲ್ಲಿಯೇ ಕಥೆಯ ನಾಯಕನನ್ನೂ ಶವ ಹೊತ್ತ ರಾಜನನ್ನೂ ಒಂದು ಎಳೆಯಿಂದ ಕಟ್ಟಿಬಿಡುತ್ತದೆ. ಈ ಎಳೆ ನನಗೆ ಬಹಳ ಮೆಚ್ಚಿಕೆ.

ಪ್ರಶ್ನೆಗಳ ಸ್ವರೂಪವೂ ಬದಲಾಯಿತು. ಪ್ರಾಚೀನ ಕಥೆಗಳಲ್ಲಿ ಪ್ರೇಮ, ಪ್ರಾಣತ್ಯಾಗ, ರಕ್ತ ಇವು ಧಾರಾಳವಾಗಿವೆ. ಹೊಸ ಕಥೆಗಳು ಮಕ್ಕಳಿಗೆಂದು ಹುಟ್ಟಿದವು. ಯೋಗ್ಯನನ್ನು ಬಿಟ್ಟು ಸಾಮಾನ್ಯನನ್ನು ಮಂತ್ರಿಯಾಗಿ ಆರಿಸಿದ್ದೇಕೆ, ದೊರೆತ ವರವನ್ನು ಬೇಡವೆಂದದ್ದೇಕೆ ಎಂಬಂತಹವು ಅವುಗಳ ಪ್ರಶ್ನೆಗಳು. ತಪ್ಪಾಗಿ ತೋರುವ ನಡತೆಯೊಂದರ ಒಳಗಿನ ಕಾರಣವನ್ನು ರಾಜನು ಬಿಡಿಸಿ ಹೇಳಬೇಕು. ಎಲ್ಲವೂ ಉತ್ತಮವಾಗಿದ್ದವೆಂದು ಹೇಳಲಾರೆ. ಕೆಲವು ತಿಂಗಳು ಉತ್ತರವು ಅರ್ಧ ಕಥೆಗೇ ತಿಳಿದುಬಿಡುತ್ತಿತ್ತು. ಇನ್ನು ಕೆಲವು ಸಲ ರಾಜನು ಕಥೆಯಲ್ಲಿ ಇಲ್ಲದ ಸಂಗತಿಯನ್ನು ಎಲ್ಲಿಂದಲೋ ತಂದು ಉತ್ತರಿಸುತ್ತಿದ್ದನು. ತಿಂಗಳು ತಪ್ಪದೆ ಬೆಲ್ಲ ಮಾಡುವವನ ಪಾಕ ಒಮ್ಮೊಮ್ಮೆ ಕೆಡುವುದು ಸಹಜವೇ.

ಹೆಸರಿನ ವಿಷಯವನ್ನು ಇಲ್ಲಿ ಹೇಳಬೇಕು. ಆ ಪುಟಗಳಲ್ಲಿ ಕುಟುಂಬರಾಯರ ಹೆಸರು ಕಾಣುತ್ತಿರಲಿಲ್ಲ. ಪತ್ರಿಕೆಯ ಮಾಂತ್ರಿಕ ಧಾರಾವಾಹಿಗಳನ್ನು ಬರೆದ ದಾಸರಿ ಸುಬ್ರಹ್ಮಣ್ಯಂ ಅವರ ಹೆಸರೂ ಅಷ್ಟೇ; ಓದುಗರ ಪಾಲಿಗೆ ಎಲ್ಲವನ್ನೂ ಬರೆದದ್ದು 'ಚಂದಮಾಮ'. ಖಡ್ಗ ಹಿಡಿದು ಶವ ಹೊತ್ತು ನಡೆಯುವ ವಿಕ್ರಮನ ಚಿತ್ರವನ್ನು ಬರೆದ ಶಂಕರ್ ಅವರನ್ನು ಮಾತ್ರ ನಾವು ಗುರುತಿಸುತ್ತಿದ್ದೆವು. ಅವರು 2020ರಲ್ಲಿ ತೀರಿಕೊಂಡರು. 2021ರಲ್ಲಿ ಮರಣೋತ್ತರವಾಗಿ ಪದ್ಮಶ್ರೀ ಗೌರವ ಸಂದಿತು.

ಒಬ್ಬರು ತೊಡಗಿದ್ದನ್ನು ಇನ್ನೊಬ್ಬರು ಮುಂದುವರಿಸುವುದು ನಮ್ಮ ಸಾಹಿತ್ಯಕ್ಕೆ ಹೊಸದೇನಲ್ಲ. ಬಾಣನು ಅಪೂರ್ಣವಾಗಿ ಬಿಟ್ಟ 'ಕಾದಂಬರಿ'ಯನ್ನು ಅವನ ಮಗ ಪೂರ್ಣಗೊಳಿಸಿದನು. ಕಥೆ ಅರ್ಧಕ್ಕೆ ನಿಂತಿತೆಂಬ ಸಜ್ಜನರ ದುಃಖವನ್ನು ನೋಡಿ ಬರೆದೆನೇ ಹೊರತು ಕವಿಯೆಂಬ ಹೆಮ್ಮೆಯಿಂದಲ್ಲ ಎಂಬುದು ಅವನ ಮಾತಿನ ಸಾರ. ಗದುಗಿನ ಕುಮಾರವ್ಯಾಸನು ಭಾರತದ ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದನು. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರೆದನು. ನಮ್ಮ ಹಳ್ಳಿಗಳಲ್ಲಿ ಮಳೆ ಹೋದಾಗ ವಿರಾಟಪರ್ವವನ್ನು ಓದಿಸುವ ಜನರಿಗೆ ಕುಮಾರವ್ಯಾಸನು ಮನೆಯ ಹಿರಿಯನಂತೆ. ತಿಮ್ಮಣ್ಣನ ಹೆಸರನ್ನು ಪಂಡಿತರು ಮಾತ್ರ ಬಲ್ಲರು.

ಅಮೆರಿಕದಲ್ಲಿ ಎಲ್. ಫ್ರಾಂಕ್ ಬಾಮ್ ಎಂಬವರು 1900ರಲ್ಲಿ ಆಜ್ ಎಂಬ ಮಾಯಾದೇಶದ ಕಥೆಯನ್ನು ಬರೆದರು. 1910ರ ಪುಸ್ತಕದೊಡನೆ ಮಾಲೆಯನ್ನು ಮುಗಿಸಲೆಳಸಿದರೂ ಮತ್ತೆ ಅದಕ್ಕೇ ಮರಳಬೇಕಾಯಿತು. 1919ರಲ್ಲಿ ಅವರು ತೀರಿಕೊಂಡ ಮೇಲೆ ರೂತ್ ಪ್ಲಮ್ಲಿ ಥಾಮ್ಸನ್ ಎಂಬ ತರುಣ ಲೇಖಕಿ ಮಾಲೆಯನ್ನು ಮುಂದುವರಿಸಿ, 1921ರಿಂದ 1939ರವರೆಗೆ ವರ್ಷಕ್ಕೊಂದರಂತೆ ಹತ್ತೊಂಬತ್ತು ಪುಸ್ತಕಗಳನ್ನು ಬರೆದರು. ಮೊದಲನೆಯದಂತೂ ಬಾಮ್ ಅವರ ಕೃತಿಯೆಂದೇ ಪ್ರಕಟವಾಯಿತು! ತೀರಿಹೋದವನ ಹೆಸರಿನಲ್ಲಿ ಬದುಕಿರುವವಳ ಬರಹವನ್ನು ಮಾರಿದ್ದು ಸರಿಯೆಂದು ನನಗೆ ತೋರುವುದಿಲ್ಲ.

ಇದಕ್ಕೆ ಹೋಲಿಸಿದರೆ ಮದರಾಸಿನವರ ನಡತೆ ಹೆಚ್ಚು ಪ್ರಾಮಾಣಿಕವಾಗಿತ್ತು. ತೆಲುಗು ಆವೃತ್ತಿಯಲ್ಲಿ ಬೇತಾಳನ ಕಥೆ ಮುಗಿದಲ್ಲಿ 'ಕಲ್ಪಿತಂ' ಎಂಬ ಒಂದು ಪದವನ್ನು ಕಂಸದಲ್ಲಿ ಅಚ್ಚು ಮಾಡುತ್ತಿದ್ದರು. ಇದು ಹಳೆಯದಲ್ಲ, ನಾವು ಕಲ್ಪಿಸಿದ್ದು ಎಂದರ್ಥ. ಇದು ತಿಳಿದಂದು ನನ್ನ ಹಳೆಯ ಸಿಟ್ಟು ಬಹುಮಟ್ಟಿಗೆ ಇಳಿಯಿತು.

ಆದರೆ ಅದರ ಮೊದಲ ಪಾಲನ್ನು ಇಳಿಸಿದವರು ಅಜ್ಜನೇ. ಅಂದು ಹೊಂಡದ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕುಳಿತಿದ್ದವನನ್ನು ಕೇಳಿದರು: "ನಿನಗೆ ಎಲ್ಲಕ್ಕಿಂತ ಹಿಡಿಸಿದ ಕಥೆ ಯಾವುದು, ಹೇಳು." ನಾನು ಹೇಳಿದೆನು. ತನ್ನದಲ್ಲದ ತಪ್ಪನ್ನು ಒಪ್ಪಿಕೊಂಡ ಕುಂಬಾರನೊಬ್ಬನ ಕಥೆ ಅದು. ಅಜ್ಜ ಪೂರ್ತಿ ಕೇಳಿದರು. ನಡುವೆ ಎರಡು ಸಲ, ಅವನು ಏಕೆ ಹಾಗೆ ಮಾಡಿದ ಎಂದು ತಡೆದು ಕೇಳಿದರು.

"ಇದು ಇಪ್ಪತ್ತೈದರಲ್ಲಿ ಇಲ್ಲ" ಎಂದರು.

"ಹಾಗಾದರೆ ಸುಳ್ಳು ಕಥೆಯೆ?"

"ರಾಜ ಉತ್ತರ ಕೊಟ್ಟನಲ್ಲ, ನಿನಗೆ ಒಪ್ಪಿಗೆಯಾಯಿತೆ?"

"ಇಲ್ಲ. ಕುಂಬಾರ ಹೆದರಿ ಒಪ್ಪಿಕೊಂಡನೆಂದು ನನಗೆ ಅನಿಸುತ್ತದೆ."

ಅಜ್ಜ ನಕ್ಕು ಹೆಗಲ ವಲ್ಲಿಯನ್ನು ಕೊಡವಿಕೊಂಡು ಎದ್ದರು. ಕೊನೆಯ ಕಥೆ ಏನೆಂದು ಕೇಳಿದರೆ, ದೊಡ್ಡವನಾದ ಮೇಲೆ ಓದು ಎಂದಷ್ಟೇ ಹೇಳಿದರು.

ಬಹಳ ವರ್ಷಗಳ ಮೇಲೆ ಓದಿದೆನು. ಅದರಲ್ಲಿ ತಂದೆ ಮತ್ತು ಮಗ ಇಬ್ಬರು ಸ್ತ್ರೀಯರ ಹೆಜ್ಜೆಗುರುತುಗಳನ್ನು ಕಂಡು, ದೊಡ್ಡ ಹೆಜ್ಜೆಯವಳನ್ನು ತಂದೆಯೂ ಸಣ್ಣ ಹೆಜ್ಜೆಯವಳನ್ನು ಮಗನೂ ವರಿಸುವುದೆಂದು ಒಪ್ಪಂದ ಮಾಡಿಕೊಳ್ಳುತ್ತಾರೆ. ದೊಡ್ಡ ಹೆಜ್ಜೆ ಮಗಳದು, ಸಣ್ಣದು ತಾಯಿಯದು! ಒಪ್ಪಂದದಂತೆ ಮದುವೆಗಳು ನಡೆಯುತ್ತವೆ. ಅವರಿಗೆ ಹುಟ್ಟಿದ ಮಕ್ಕಳು ಪರಸ್ಪರ ಏನಾಗಬೇಕು ಎಂದು ಬೇತಾಳವು ಕೇಳುತ್ತದೆ. ರಾಜನಿಗೆ ಉತ್ತರ ತೋಚುವುದಿಲ್ಲ, ಮಾತಿಲ್ಲದೆ ನಡೆಯುತ್ತಾನೆ. ಆ ಮೌನಕ್ಕೆ ಮೆಚ್ಚಿದ ಬೇತಾಳವು ಭಿಕ್ಷುವಿನ ಸಂಚನ್ನು ತಿಳಿಸುತ್ತದೆ, ರಾಜನು ಭಿಕ್ಷುವಿನ ತಲೆಯನ್ನು ಕತ್ತರಿಸುತ್ತಾನೆ, ಕಥೆ ಮುಗಿಯುತ್ತದೆ. ಮುಂದುವರಿಸಿದವರ ರಾಜನಿಗೆ ಈ ಮೌನದ ಸೌಕರ್ಯವಿರಲಿಲ್ಲ. ಅವನು ಪ್ರತಿ ತಿಂಗಳೂ ಮಾತನಾಡಲೇಬೇಕಾಗಿತ್ತು.

'ಚಂದಮಾಮ' 1998ರಲ್ಲಿ ನಿಂತು, 1999ರ ಕೊನೆಯಲ್ಲಿ ಮತ್ತೆ ಆರಂಭವಾಗಿ, ಹತ್ತು ಹನ್ನೆರಡು ವರ್ಷಗಳು ನಡೆದು ಮತ್ತೆ ನಿಂತುಹೋಯಿತು. ಅಜ್ಜನ ಮನೆಯ ಅಟ್ಟದಲ್ಲಿದ್ದ ಹಳೆಯ ಸಂಚಿಕೆಗಳಲ್ಲಿ ಗೆದ್ದಲಿಗೆ ಸಿಕ್ಕದೆ ಉಳಿದವು ಏಳು. ಅವುಗಳಲ್ಲಿ ಕುಂಬಾರನ ಕಥೆಯಿಲ್ಲ.