ಹಾಸಿಗೆಯಿಂದ ಗೋಡೆಗೇರಿದ ಕೌದಿ: ಹೆಸರು ಯಾರದು, ಕೂಲಿ ಎಷ್ಟು?

ಉಟ್ಟು ಸವೆದ ಸೀರೆ, ಅಂಚು ಹರಿದ ಪಂಚೆ, ಮಕ್ಕಳಿಗೆ ಗಿಡ್ಡವಾದ ಲಂಗ. ಇವುಗಳನ್ನು ಪದರ ಪದರವಾಗಿ ಹಾಸಿ, ಕೈಯಿಂದಲೇ ಹೊಲಿದು ಸಿದ್ಧಪಡಿಸುವ ಹೊದಿಕೆಯೇ ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಅದು ಇಂದಿಗೂ ಹಾಸಲು, ಹೊದೆಯಲು ಬಳಕೆಯಾಗುತ್ತಿರುವ ನಿತ್ಯದ ವಸ್ತು. ಅದೇ ಕೌದಿ ಈಗ ಕಲಾ ಪ್ರದರ್ಶನಗಳ ಗೋಡೆಯ ಮೇಲೂ ಕಾಣಿಸಿಕೊಳ್ಳುತ್ತಿದೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಮಹಿಳೆಯರು ಹೊಲಿದ ಕೌದಿಗಳು ನ್ಯೂಯಾರ್ಕ್ ನಗರದವರೆಗೂ ಹೋಗಿ ಬಂದಿವೆ.

ಮನೆಯ ಮೂಲೆಯಲ್ಲಿ ಮಡಿಸಿಟ್ಟಿದ್ದ ವಸ್ತುವೊಂದು ಪ್ರದರ್ಶನಕ್ಕೆ ಬಂದಾಗ ಅದನ್ನು ನೋಡುವ ಬಗೆ ಬದಲಾಗುತ್ತದೆ. ಬೆಲೆಯೂ ಬದಲಾಗುತ್ತದೆ. ಆದರೆ ಅದನ್ನು ಹೊಲಿದ ಕೈಗಳಿಗೆ ಅದರಿಂದ ದೊರೆಯುವುದೇನು? ಕೌದಿ ಪ್ರದರ್ಶನಕ್ಕೆ ಹೋಗುವವರೂ, ತಮ್ಮ ಮನೆಯ ಕೌದಿಯನ್ನು ಪ್ರದರ್ಶನಕ್ಕೆ ಕೊಡಬಯಸುವವರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಏನಿದು ಕೌದಿ?

ಹಳೆಯ ಬಟ್ಟೆಯನ್ನು ಎಸೆಯದೆ ಪದರಗಳಾಗಿ ಜೋಡಿಸಿ ಹೊಲಿಯುವ ಪದ್ಧತಿ ಕನ್ನಡ ನಾಡಿಗೆ ಮಾತ್ರ ಸೀಮಿತವಲ್ಲ. ಮಹಾರಾಷ್ಟ್ರದಲ್ಲಿ ಇದಕ್ಕೆ ಗೋಧಡಿ ಎನ್ನುತ್ತಾರೆ. ಬಂಗಾಳದಲ್ಲಿ ಕಾಂತಾ, ಬಿಹಾರದಲ್ಲಿ ಸುಜನಿ, ರಾಜಸ್ಥಾನ ಹಾಗೂ ಸಿಂಧ್ ಪ್ರಾಂತ್ಯದಲ್ಲಿ ರಲ್ಲಿ ಇದೇ ಕುಟುಂಬಕ್ಕೆ ಸೇರಿದವು. ಹೆಸರು, ವಿನ್ಯಾಸ ಬೇರೆಯಾದರೂ ಮೂಲ ಒಂದೇ: ಬಳಸಿ ಮೆತ್ತಗಾದ ಹತ್ತಿ ಬಟ್ಟೆ, ಸೂಜಿ, ದಾರ ಮತ್ತು ಮಹಿಳೆಯರ ಬಿಡುವಿನ ವೇಳೆ.

ಉತ್ತರ ಕರ್ನಾಟಕದಲ್ಲಿ ಕೌದಿಯನ್ನು ಮನೆಯ ಹೆಂಗಸರು, ನೆರೆಹೊರೆಯವರು ಸೇರಿ ಹೊಲಿಯುವುದುಂಟು. ಗೊಂದಲಿಗರಂತಹ ಸಮುದಾಯಗಳ ಮಹಿಳೆಯರು ಮನೆಮನೆಗೆ ತೆರಳಿ, ಮನೆಯವರೇ ಕೊಟ್ಟ ಹಳೆಯ ಬಟ್ಟೆಯಿಂದ ಕೂಲಿಗೆ ಕೌದಿ ಹೊಲಿದುಕೊಡುವ ರೂಢಿಯೂ ಇದೆ. ತವರಿನಿಂದ ಬಾಣಂತಿಗೆ, ಹುಟ್ಟಿದ ಕೂಸಿಗೆ ಕೌದಿ ಕೊಡುವುದು ಅಕ್ಕರೆಯ ಸಂಗತಿ. ಅಜ್ಜಿಯ ಸೀರೆ ಮೊಮ್ಮಗುವಿನ ಹಾಸಿಗೆಯಾಗುವುದು ಹೀಗೆ.

ಇದರ ಹಿಂದಿರುವ ಶ್ರಮವನ್ನು ಲೆಕ್ಕ ಹಾಕಿದರೆ ಅಚ್ಚರಿಯಾದೀತು. 180 ಸೆಂ.ಮೀ. ಉದ್ದ, 150 ಸೆಂ.ಮೀ. ಅಗಲದ ಒಂದು ಕೌದಿಯನ್ನು ತೆಗೆದುಕೊಳ್ಳೋಣ. ಸಾಲಿನಿಂದ ಸಾಲಿಗೆ ಒಂದು ಸೆಂ.ಮೀ. ಅಂತರವಿಟ್ಟು ಹೊಲಿದರೆ ಒಟ್ಟು ಹೊಲಿಗೆಯ ಉದ್ದ ಸುಮಾರು 270 ಮೀಟರ್. ಸೆಂ.ಮೀ.ಗೆ ಒಂದು ಹೊಲಿಗೆ ಎಂದುಕೊಂಡರೂ ಸೂಜಿ 27 ಸಾವಿರ ಹೊಲಿಗೆ ಹಾಕಬೇಕು. ಅದೂ ಮೂರು ನಾಲ್ಕು ಪದರ ಬಟ್ಟೆಯನ್ನು ತೂರಿಕೊಂಡು.

ಸಿದ್ದಿಗಳ ಕೈಚಳಕ

ಆಫ್ರಿಕಾ ಮೂಲದ ಸಿದ್ದಿ ಜನಾಂಗದವರು ಶತಮಾನಗಳಿಂದ ಕರ್ನಾಟಕದಲ್ಲಿ ನೆಲೆಸಿದ್ದಾರೆ. ಇವರಲ್ಲಿ ಅನೇಕರ ಪೂರ್ವಜರು ಪೋರ್ಚುಗೀಸರ ಆಳ್ವಿಕೆಯ ಗೋವಾಕ್ಕೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದವರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ಇವರ ವಸತಿ ಹೆಚ್ಚು. ಹಿಂದೂ, ಮುಸ್ಲಿಂ, ಕ್ರೈಸ್ತ ಹೀಗೆ ಮೂರೂ ಧರ್ಮಗಳನ್ನು ಅನುಸರಿಸುವವರು ಇವರಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರ ತಿದ್ದುಪಡಿ ಕಾಯ್ದೆಯ ಮೂಲಕ ಅದು ಬೆಳಗಾವಿ ಹಾಗೂ ಧಾರವಾಡ ಜಿಲ್ಲೆಗಳಿಗೂ ವಿಸ್ತರಣೆಯಾಯಿತು.

ಸಿದ್ದಿ ಮಹಿಳೆಯರು ಕವಂದಿ ಎಂದೂ ಕರೆಯುವ ಕೌದಿಯ ವಿಶೇಷ ಅದರ ಹೊಲಿಗೆಯ ದಿಕ್ಕಿನಲ್ಲಿದೆ. ಅವರು ಅಂಚಿನಿಂದ ಆರಂಭಿಸುತ್ತಾರೆ. ಕೆಳಗೆ ಇಡೀ ಸೀರೆಯೊಂದನ್ನು ಹಾಸಿ, ಒಂದು ಮೂಲೆಯಿಂದ ತುಂಡು ಬಟ್ಟೆಗಳನ್ನು ಅಂಚು ಮಡಿಸಿ ಇಡುತ್ತ, ನಾಲ್ಕೂ ಬದಿಗಳನ್ನು ಸುತ್ತುತ್ತ ಒಳಗೊಳಗೆ ಸಾಗುತ್ತಾರೆ. ಕೊನೆಯ ತುಂಡು ಬೀಳುವುದು ನಡುಮಧ್ಯದಲ್ಲಿ. ಕಾಗದದ ಮೇಲೆ ನಕ್ಷೆ ಬರೆದುಕೊಳ್ಳುವ ಪದ್ಧತಿ ಇಲ್ಲ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದನ್ನು ಕೈಗೆ ಸಿಕ್ಕ ಬಟ್ಟೆಯೂ ಹೊಲಿಯುವವಳ ಕಣ್ಣೂ ಸೇರಿ ತೀರ್ಮಾನಿಸುತ್ತವೆ.

ನಾಲ್ಕು ಮೂಲೆಗಳಿಗೆ ತ್ರಿಕೋನಾಕಾರದಲ್ಲಿ ಮಡಿಸಿದ ಬಟ್ಟೆಯ ಹೂವು ಕೂರಿಸುವುದು ಇನ್ನೊಂದು ಗುರುತು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಪೂರ್ತಿಯಾದ ಕೌದಿಯಲ್ಲ. ಕ್ರೈಸ್ತ ಸಿದ್ದಿಗಳ ಕೆಲವು ಕೌದಿಗಳಲ್ಲಿ ಶಿಲುಬೆಯನ್ನೂ, ಮುಸ್ಲಿಂ ಸಿದ್ದಿಗಳ ಕೆಲವು ಕೌದಿಗಳಲ್ಲಿ ಅರ್ಧಚಂದ್ರವನ್ನೂ ಕಾಣಬಹುದು. ಹೊಲಿಗೆ ಮುಗಿಯುವ ಮುನ್ನ ನಡುವಿನ ಕಿಂಡಿಯೊಳಗೆ ನಾಲ್ಕು ಕಾಳು ಅಕ್ಕಿ ಹಾಕಿ ಮುಚ್ಚುವವರೂ ಇದ್ದಾರೆ. ಬಯಲುಸೀಮೆಯ ಕೆಲವೆಡೆಯೂ ಹೀಗೆ ಧಾನ್ಯ ಇಟ್ಟು ಹೊಲಿಯುವ ವಾಡಿಕೆಯಿದೆ. ಕೌದಿಯ ಹೊಟ್ಟೆ ಖಾಲಿ ಇರಬಾರದೆಂಬುದು ಇದರ ಹಿಂದಿನ ಭಾವನೆ.

ಗೋಡೆಗೇರಿದ ಬಗೆ

ಹೊದಿಕೆಯನ್ನು ಚಿತ್ರದಂತೆ ಗೋಡೆಗೆ ತೂಗುಹಾಕಿ ನೋಡುವ ಕ್ರಮಕ್ಕೆ ಬಲ ಬಂದದ್ದು ಅಮೆರಿಕದಲ್ಲಿ. 1971ರಲ್ಲಿ ನ್ಯೂಯಾರ್ಕ್‌ನ ವಿಟ್ನಿ ಕಲಾ ಸಂಗ್ರಹಾಲಯವು ಹಳೆಯ ಕ್ವಿಲ್ಟ್‌ಗಳನ್ನು, ಅಂದರೆ ಅಲ್ಲಿನ ಕೌದಿಗಳನ್ನು, ಆಧುನಿಕ ಚಿತ್ರಕಲೆಯ ಸಾಲಿನಲ್ಲಿಟ್ಟು ಪ್ರದರ್ಶಿಸಿತು. ನಂತರದ ವರ್ಷಗಳಲ್ಲಿ ಹ್ಯೂಸ್ಟನ್, ಪಡೂಕಾ ನಗರಗಳಲ್ಲಿ ಕ್ವಿಲ್ಟ್ ಮೇಳಗಳು ವಾರ್ಷಿಕ ಜಾತ್ರೆಗಳಾಗಿ ಬೆಳೆದವು. ಭಾರತದಲ್ಲಿ 2019ರಲ್ಲಿ ಚೆನ್ನೈನಲ್ಲಿ ಇಂಡಿಯಾ ಕ್ವಿಲ್ಟ್ ಫೆಸ್ಟಿವಲ್ ನಡೆಯಿತು.

ಸಿದ್ದಿ ಕೌದಿಗಳನ್ನು ಹೊರಜಗತ್ತಿಗೆ ಪರಿಚಯಿಸಿದವರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಪ್ರಮುಖರು. ಅವರ ಒತ್ತಾಸೆಯಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘಟನೆ ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿರುವ ಶೊಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ಏರ್ಪಟ್ಟಿತು. ಆಫ್ರಿಕಾ ಮೂಲದವರ ಇತಿಹಾಸ ಹಾಗೂ ಸಂಸ್ಕೃತಿಯ ಅಧ್ಯಯನಕ್ಕೇ ಮೀಸಲಾದ ಕೇಂದ್ರವದು. ಘಟ್ಟದ ಕಾಡಿನಂಚಿನ ಮನೆಗಳ ಹೊದಿಕೆಗಳು ಅಲ್ಲಿ ತೂಗಿದ್ದು ಸಣ್ಣ ಸಂಗತಿಯಲ್ಲ.

ನೋಡುವುದು ಹೇಗೆ?

ವಿದೇಶದ ಕ್ವಿಲ್ಟ್ ಸ್ಪರ್ಧೆಗಳಲ್ಲಿ ತೀರ್ಪುಗಾರರು ಸಾಮಾನ್ಯವಾಗಿ ಹೊಲಿಗೆಯ ಏಕರೂಪತೆ, ಅಂಚಿನ ನೇರ, ಮೂಲೆಗಳ ಲಂಬಕೋನ, ತೂಗುಹಾಕಿದಾಗ ಸುಕ್ಕಿಲ್ಲದೆ ನಿಲ್ಲುವ ಗುಣ ಇವುಗಳಿಗೆ ಅಂಕ ನೀಡುತ್ತಾರೆ. ಇದೇ ಅಳತೆಗೋಲಿನಿಂದ ಅಳೆದರೆ ನಮ್ಮ ಕೌದಿ ಹಿಂದೆ ಬೀಳುತ್ತದೆ. ಅದರ ಅಂಚು ತುಸು ಡೊಂಕು. ಹೊಲಿಗೆಯ ಸಾಲು ಅಲೆಯಂತೆ ಏರಿಳಿಯುತ್ತದೆ. ಇವು ದೋಷಗಳಲ್ಲ. ಅಳತೆಪಟ್ಟಿಯಿಲ್ಲದೆ, ನೆಲದ ಮೇಲೆ ಕುಳಿತು, ಬಟ್ಟೆ ಎಳೆದಂತೆ ಹೊಲಿದ ಕೆಲಸದ ಸಹಜ ಲಕ್ಷಣಗಳು.

ಆದ್ದರಿಂದ ಪ್ರದರ್ಶನಕ್ಕೆ ಹೋದವರು ಮೊದಲು ಹತ್ತು ಹೆಜ್ಜೆ ದೂರ ನಿಂತು ಬಣ್ಣಗಳ ಹಂಚಿಕೆಯನ್ನು ನೋಡಬೇಕು. ಬಳಿಕ ಹತ್ತಿರ ಹೋಗಿ ಹೊಲಿಗೆ ಯಾವ ಕಡೆಯಿಂದ ಯಾವ ಕಡೆಗೆ ಸಾಗಿದೆ, ದಾರ ಎಲ್ಲಿ ಬದಲಾಗಿದೆ, ಯಾವ ತುಂಡು ಹಿಂದೆ ಏನಾಗಿತ್ತು ಎಂಬುದನ್ನು ಗಮನಿಸಬೇಕು. ಸೀರೆಯ ಸೆರಗು, ಅಂಗಿಯ ಜೇಬು, ಶಾಲೆಯ ಸಮವಸ್ತ್ರದ ತುಂಡು ಗುರುತಿಗೆ ಸಿಗುತ್ತವೆ. ಸಾಧ್ಯವಾದರೆ ಹಿಂಬದಿಯನ್ನೂ ತೋರಿಸುವಂತೆ ಸಂಘಟಕರನ್ನು ಕೇಳಬಹುದು. ಕೈಹೊಲಿಗೆಯ ನಿಜ ತಿಳಿಯುವುದು ಬೆನ್ನಿನಲ್ಲಿ. ಆದರೆ ಮುಟ್ಟುವುದು ಸಲ್ಲ. ಬೆರಳಿನ ಜಿಡ್ಡು ಹಳೆಯ ಹತ್ತಿಗೆ ಶತ್ರು.

ಪ್ರದರ್ಶನಕ್ಕೆ ಕೊಡುವ ಮುನ್ನ

ಕೌದಿಯನ್ನು ಮೊಳೆ ಹೊಡೆದೋ ಕ್ಲಿಪ್ಪು ಸಿಕ್ಕಿಸಿಯೋ ತೂಗುಹಾಕಬಾರದು. ಇಡೀ ಭಾರ ಎರಡು ಮೂರು ಬಿಂದುಗಳ ಮೇಲೆ ಬಿದ್ದು ಸವೆದ ಬಟ್ಟೆ ಹರಿಯುತ್ತದೆ. ಹಿಂಬದಿಯ ಮೇಲಂಚಿಗೆ ಸುಮಾರು ನಾಲ್ಕು ಅಂಗುಲ ಅಗಲದ ಹತ್ತಿ ಬಟ್ಟೆಯ ಕೊಳವೆಯನ್ನು ಕೈಯಿಂದ ಹೊಲಿದು, ಅದರೊಳಗೆ ಕೋಲು ತೂರಿಸಿ ತೂಗುಹಾಕುವುದು ಕ್ರಮ. ಆಗ ಭಾರ ಸಮನಾಗಿ ಹಂಚಿಹೋಗುತ್ತದೆ. ಬಿಸಿಲು ಹಾಗೂ ಪ್ರಖರ ದೀಪ ಬಣ್ಣವನ್ನು ನುಂಗುತ್ತವೆ. ವಸ್ತುಸಂಗ್ರಹಾಲಯಗಳು ಬಟ್ಟೆಯ ಮೇಲೆ ಬೀಳುವ ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್ ಮಿತಿಯಲ್ಲಿಡುತ್ತವೆ. ಅಲ್ಲಿನ ಕೋಣೆಗಳು ಮಬ್ಬಾಗಿರಲು ಇದೇ ಕಾರಣ.

ತೊಳೆಯುವ ಮುನ್ನ ಒದ್ದೆ ಬಿಳಿ ಬಟ್ಟೆಯನ್ನು ಪ್ರತಿ ಬಣ್ಣದ ಮೇಲೆ ಒತ್ತಿ ನೋಡಬೇಕು. ಬಣ್ಣ ಅಂಟಿದರೆ ನೀರಿಗೆ ಹಾಕದಿರುವುದೇ ಲೇಸು.

ಮಳೆನಾಡಿನವರು ಇನ್ನಷ್ಟು ಎಚ್ಚರ ವಹಿಸಬೇಕು. ಕೊಪ್ಪ ತಾಲ್ಲೂಕಿನ ಭಂಡಿಗಡಿಯಂತಹ ಮಲೆನಾಡಿನ ಊರುಗಳಲ್ಲಿ ಮಳೆಗಾಲದಲ್ಲಿ ಒಂದು ಪದರದ ಬಟ್ಟೆಯೇ ಒಣಗುವುದು ಕಷ್ಟ. ನಾಲ್ಕಾರು ಪದರಗಳ ಕೌದಿಯ ಹೊರಮೈ ಒಣಗಿದರೂ ಒಳಗೆ ತೇವ ಉಳಿದು ಬೂಷ್ಟು ಹಿಡಿಯುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಕೆಡುವುದು ಇನ್ನೂ ಬೇಗ. ಮಳೆಗಾಲಕ್ಕೆ ಮೊದಲೇ ಚೆನ್ನಾಗಿ ಗಾಳಿಯಾಡಿಸಿ, ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ ಇಡಬೇಕು. ಮಡಿಕೆಯ ಗೆರೆಯಲ್ಲೇ ಬಟ್ಟೆ ಸೀಳುವುದರಿಂದ ಆಗಾಗ ಮಡಿಕೆ ಬದಲಿಸಬೇಕು. ಮಡಿಸುವುದಕ್ಕಿಂತ ಸುರುಳಿ ಸುತ್ತಿಡುವುದು ಒಳ್ಳೆಯದು.

ಬೆಲೆಯ ಲೆಕ್ಕ

ಹಳೆಯ ಬಟ್ಟೆಯಲ್ಲವೇ, ಇಷ್ಟೇಕೆ ಬೆಲೆ? ಮೇಳಗಳಲ್ಲಿ ಈ ಪ್ರಶ್ನೆ ಸಾಮಾನ್ಯ. ಉತ್ತರಕ್ಕಾಗಿ ಸರಳ ಲೆಕ್ಕವೊಂದನ್ನು ಮಾಡಿ ನೋಡಬಹುದು. ಉದಾಹರಣೆಗೆ, ಮಹಿಳೆಯೊಬ್ಬರು ದಿನಕ್ಕೆ ನಾಲ್ಕು ಗಂಟೆಯಂತೆ 20 ದಿನ ಕುಳಿತು ಒಂದು ಕೌದಿ ಮುಗಿಸಿದರು ಎನ್ನೋಣ. ಒಟ್ಟು 80 ಗಂಟೆ. ಅದನ್ನು 2,500 ರೂಪಾಯಿಗೆ ಮಾರಿದರೆ ಗಂಟೆಗೆ ಸಿಕ್ಕಿದ್ದು ಸುಮಾರು 31 ರೂಪಾಯಿ. ಮಧ್ಯವರ್ತಿಯ ಪಾಲು, ಮಳಿಗೆಯ ಬಾಡಿಗೆ, ಬಸ್ ಖರ್ಚು ಕಳೆದರೆ ಉಳಿಯುವುದು ಇನ್ನೂ ಕಡಿಮೆ. ಚೌಕಾಸಿಗೆ ಇಳಿಯುವವರು ಈ ಲೆಕ್ಕವನ್ನು ನೆನಪಿಡುವುದು ಒಳಿತು.

ಪ್ರಸಿದ್ಧಿ ಬಂದ ಮಾತ್ರಕ್ಕೆ ಹೊಲಿದವರ ಪಾಲು ತಾನಾಗಿ ಹೆಚ್ಚುವುದಿಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಮಹಿಳೆಯರ ಅನುಭವ ಇದಕ್ಕೆ ನಿದರ್ಶನ. ಹತ್ತಿ ತೋಟದ ಗುಲಾಮರ ವಂಶಜರಾದ ಇವರು ಹಳೆಯ ದುಡಿಮೆಯ ಬಟ್ಟೆಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ ಹಾಗೂ ನ್ಯೂಯಾರ್ಕ್‌ನ ದೊಡ್ಡ ಸಂಗ್ರಹಾಲಯಗಳನ್ನು ತಲುಪಿದವು. 2006ರಲ್ಲಿ ಅಲ್ಲಿನ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಅಂಚೆಚೀಟಿಗಳನ್ನೂ ಹೊರತಂದಿತು. ಆದರೆ ತಮಗೆ ಸಲ್ಲಬೇಕಾದ ಹಣ ಸಂದಿಲ್ಲವೆಂದು ಕೆಲವು ಮಹಿಳೆಯರು 2007ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಮರುವರ್ಷ ಆ ವ್ಯಾಜ್ಯಗಳು ಇತ್ಯರ್ಥವಾದವು. ಹೊದಿಕೆ ಯಾರದು ಎಂಬ ಪ್ರಶ್ನೆಯ ಜೊತೆಗೆ ಅದರ ವಿನ್ಯಾಸ ಯಾರದು, ಚಿತ್ರ ಅಚ್ಚಾದರೆ ಲಾಭ ಯಾರಿಗೆ ಎಂಬ ಪ್ರಶ್ನೆಗಳನ್ನೂ ಆ ಪ್ರಕರಣ ಎತ್ತಿತು.

ಹೆಸರಿನ ಚೀಟಿ

ಕೌದಿಯ ಕೆಳಗೆ ಕೇವಲ ‘ಬುಡಕಟ್ಟು ಕಲೆ’ ಎಂಬ ಫಲಕ ತೂಗುಹಾಕಿದರೆ ಸಾಲದು. ಚಿತ್ರಕಾರನ ಹೆಸರಿಲ್ಲದೆ ಚಿತ್ರ ಪ್ರದರ್ಶಿಸುವುದುಂಟೇ? ಹಾಗಿರುವಾಗ ವಾರಗಟ್ಟಲೆ ದುಡಿದು ಕೌದಿ ಹೊಲಿದವಳು ಅನಾಮಿಕಳಾಗಿ ಉಳಿಯಬೇಕಾದ ಅಗತ್ಯವಿಲ್ಲ. ಹೊಲಿದವರ ಹೆಸರು, ಊರು, ಹೊಲಿದ ವರ್ಷ ಮತ್ತು ಬಳಸಿದ ಬಟ್ಟೆಯ ವಿವರವನ್ನು ತುಂಡು ಬಟ್ಟೆಯ ಮೇಲೆ ಬರೆದು ಹಿಂಬದಿಗೆ ಹೊಲಿಯಬೇಕು. ಇಬ್ಬರು ಮೂವರು ಸೇರಿ ಹೊಲಿದಿದ್ದರೆ ಎಲ್ಲರ ಹೆಸರೂ ಇರಬೇಕು. ಪ್ರದರ್ಶನಕ್ಕೆ ಕೊಡುವಾಗ ಕೌದಿ ಎರವಲೋ ಮಾರಾಟಕ್ಕೋ, ಮಾರಾಟವಾದರೆ ಹೊಲಿದವರಿಗೆ ಎಷ್ಟು, ಛಾಯಾಚಿತ್ರ ಬಳಸಲು ಒಪ್ಪಿಗೆ ಇದೆಯೇ ಎಂಬುದನ್ನು ಮೊದಲೇ ಲಿಖಿತವಾಗಿ ಪಡೆಯುವುದು ಕ್ಷೇಮ.

ನೋಡುಗರ ಹೊಣೆಯೂ ಇದರಲ್ಲಿದೆ. ಪ್ರದರ್ಶನದಲ್ಲಿ ಹೆಸರಿಲ್ಲದ ಕೌದಿ ಕಂಡರೆ, ಇದನ್ನು ಹೊಲಿದವರು ಯಾರು ಎಂದು ಸಂಘಟಕರನ್ನು ಕೇಳಬೇಕು. ಹತ್ತು ಮಂದಿ ಕೇಳಿದರೆ ಮುಂದಿನ ಪ್ರದರ್ಶನದಲ್ಲಿ ಹೆಸರಿನ ಫಲಕ ಬಂದೀತು.