ರಿಸ್ಟ್ ಬೆಲ್ಟ್ ಡಬ್ಬದ ಮೇಲೆ ‘ಪೇಟೆಂಟ್’ ಅಂತಿದೆ, ಹಾಗಂತ ನಾವು ಹೊಲೀಲೇಬಾರದಾ?

ಹುಣಸೂರು: ಬ್ಯಾರನ್‌ಗೆ ಏರಿಸಲು ದಿನವಿಡೀ ಹೊಗೆಸೊಪ್ಪು ಕಟ್ಟಿದರೆ ಮಣಿಕಟ್ಟು ಹಿಡ್ಕೊಳ್ಳುತ್ತೆ. ಆಗ ಮೆಡಿಕಲ್ ಸ್ಟೋರಿನಲ್ಲಿ ಸಿಗೋದು ರಿಸ್ಟ್ ಸ್ಪ್ಲಿಂಟ್, ಅಂದರೆ ಒಳಗೆ ಗಟ್ಟಿ ಪಟ್ಟಿ ಇರುವ ಬೆಲ್ಟು. ಕೆಲವು ಡಬ್ಬದ ಮೇಲೆ ‘ಪೇಟೆಂಟ್’ ಅಂತ ಇರುತ್ತೆ. ಅಂಥದ್ದನ್ನು ನಮ್ಮ ಟೈಲರ್ ಹೊಲಿದು ಮಾರಿದರೆ ಕೇಸ್ ಬೀಳುತ್ತಾ?

ಉತ್ತರ ಇರೋದು ಡಬ್ಬದಲ್ಲಲ್ಲ, ಪೇಟೆಂಟ್ ದಾಖಲೆಯ ಕೊನೆಯಲ್ಲಿರುವ ನಂಬರ್ ಹಾಕಿದ ವಾಕ್ಯಗಳಲ್ಲಿ. ಇವೇ ಕ್ಲೇಮ್. ಜಮೀನು ಪತ್ರದ ಚೆಕ್ಕುಬಂದಿ ಇದ್ದ ಹಾಗೆ. ಹಕ್ಕು ಎಲ್ಲಿವರೆಗೆ ಅಂತ ಹೇಳೋದು ಇವು ಮಾತ್ರ.

ಒಂದು ಕ್ಲೇಮ್ ಹೀಗಿದೆ ಅಂದ್ಕೊಳ್ಳಿ: ‘ಬಾಗಿದ ಲೋಹದ ಪಟ್ಟಿ, ಅದನ್ನು ತೆಗೆದು ಹಾಕಬಹುದಾದ ಬಟ್ಟೆ ಜೇಬು, ಮೂರು ವೆಲ್ಕ್ರೋ ಪಟ್ಟಿಗಳನ್ನು ಒಳಗೊಂಡಿರುವ ಸ್ಪ್ಲಿಂಟ್’. ಮೂರೂ ಅಂಶ ಇದ್ದರೆ ಸಿಕ್ಕಿಬಿದ್ದಂತೆ. ಜೇಬೇ ಇಲ್ಲದಿದ್ದರೆ ಸಾಮಾನ್ಯವಾಗಿ ಹೊರಗೆ. ಮೂರೂ ಇಟ್ಟು ಹೆಬ್ಬೆರಳಿಗೆ ಇನ್ನೊಂದು ಪಟ್ಟಿ ಸೇರಿಸಿದರೆ? ತಪ್ಪಿಸ್ಕೊಳ್ಳೋಕಾಗಲ್ಲ. ‘ಒಳಗೊಂಡಿರುವ’ ಅನ್ನೋ ಪದ ಬಾಗಿಲು ತೆರೆದೇ ಇಟ್ಟಿರುತ್ತೆ. ‘ಕೇವಲ ಇವುಗಳಿಂದಾದ’ ಅಂತ ಬರೆದಿದ್ದರೆ ಲೆಕ್ಕ ಬೇರೆ.

ಲೋಹದ ಬದಲು ಗಟ್ಟಿ ಪ್ಲಾಸ್ಟಿಕ್ ಹಾಕಿದರೆ ಜಗಳ ಶುರು. ಪದವನ್ನಷ್ಟೇ ನೋಡಬೇಕಾ, ಮಾಡಿದ ಕೆಲಸದ ತಿರುಳನ್ನೂ ನೋಡಬೇಕಾ ಅಂತ ಕೋರ್ಟಿನಲ್ಲಿ ವಾದ ನಡೆಯುತ್ತೆ. ನಮ್ಮ ಮೈಸೂರಿನಲ್ಲೂ ಕಾರ್ಖಾನೆ ಇರುವ ಟಿವಿಎಸ್, 2007ರಲ್ಲಿ ‘ಫ್ಲೇಮ್’ ಬೈಕ್ ತಂದಾಗ ಇಂಥದ್ದೇ ಆಯ್ತು. ಸಣ್ಣ ಎಂಜಿನ್‌ಗೆ ಎರಡು ಸ್ಪಾರ್ಕ್ ಪ್ಲಗ್ ತನ್ನ ಪೇಟೆಂಟ್ ಅಂತ ಬಜಾಜ್ ಹೇಳಿತು. ಅದರ ಕ್ಲೇಮಿನಲ್ಲಿ ಸಿಲಿಂಡರ್ ಒಳಅಗಲ 45ರಿಂದ 70 ಮಿ.ಮೀ. ಅಂತಲೂ ಇತ್ತು. ನಮ್ಮದಕ್ಕೆ ಮೂರು ವಾಲ್ವ್, ಅವರದ್ದಕ್ಕೆ ಎರಡು ಅಂತ ಟಿವಿಎಸ್ ವಾದ. 2008ರಲ್ಲಿ ಮದ್ರಾಸ್ ಹೈಕೋರ್ಟ್ ತಡೆ ಕೊಟ್ಟಿತು, 2009ರ ಮೇನಲ್ಲಿ ವಿಭಾಗೀಯ ಪೀಠ ಅದನ್ನು ತೆಗೆಯಿತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಲೆಕ್ಕ ಇಟ್ಕೊಂಡು ಮಾರಿ ಅಂದಿತು. ಕಂಪನಿಗಳಿಗೇ ಇಷ್ಟು ಅಲೆದಾಟ, ಟೈಲರ್ ಅಂಗಡಿಯವರಿಗೆ ಆಗುತ್ತಾ?

ಹೊಸ ಬೆಲ್ಟ್ ಕಂಡುಹಿಡಿದವರು ನಮ್ಮಲ್ಲೇ ಇದ್ದರೆ ಕ್ಲೇಮ್ ಬರೆಸುವಾಗ ಹುಷಾರು. ‘ಲೋಹ’ ಅಂದುಬಿಟ್ಟರೆ ಪ್ಲಾಸ್ಟಿಕ್‌ನವರು ಜಾಗ ಮಾಡ್ಕೋತಾರೆ, ‘ಗಟ್ಟಿ ಪಟ್ಟಿ’ ಅಂದರೆ ಅಗಲವಾಗುತ್ತೆ. ಆದರೆ ತೀರಾ ಅಗಲ ಮಾಡಿದರೆ ಹಳೇ ಬೆಲ್ಟುಗಳೇ ಅದರೊಳಗೆ ಬಂದು, ಹೊಸದಲ್ಲ ಅಂತ ಅರ್ಜಿ ಬೀಳುತ್ತೆ. ಸಲ್ಲಿಸಿದ ಮೇಲೆ ಅಗಲಿಸೋಕೆ 1970ರ ಪೇಟೆಂಟ್ ಕಾಯ್ದೆಯ 59ನೇ ಕಲಂ ಬಿಡಲ್ಲ.

ಅಂಗಡಿಯವರು ಡಬ್ಬದ ಮೇಲೆ ಯಾವ ದೇಶದ ಪೇಟೆಂಟ್ ಅಂತ ನೋಡಿ. ಅಮೆರಿಕದ್ದು ಮಾತ್ರ ಇದ್ದರೆ ಇಲ್ಲಿ ನಡೆಯಲ್ಲ. ಭಾರತದ್ದಾದರೆ ಆ ನಂಬರ್ ಹಾಕಿ ಪೇಟೆಂಟ್ ಕಚೇರಿ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಕ್ಲೇಮ್ ಓದಬಹುದು. ಅರ್ಜಿ ಹಾಕಿ 20 ವರ್ಷ ಆಗಿದೆಯಾ, ನವೀಕರಣದ ಶುಲ್ಕ ಕಟ್ಟಿದ್ದಾರಾ ಅನ್ನೋದನ್ನೂ ಅಲ್ಲೇ ನೋಡ್ಕೊಳ್ಳಿ.